ಹಲ್ಲಿನ ಫಿಲ್ಲಿಂಗ್ ನಿಜಕ್ಕೂ ಸವೆಯುತ್ತಾ? ನೋವಿಲ್ಲದಿದ್ದರೂ ಬದಲಿಸಬೇಕಾ?

ಮೂಲೆಮನೆ:
ಕೆಳಗಿನ ದವಡೆ ಹಲ್ಲುಗಳಲ್ಲಿ ನನಗೆ ಎರಡು ಫಿಲ್ಲಿಂಗ್ ಇವೆ. ಒಂದು ಬೆಳ್ಳಿ ಬಣ್ಣದ್ದು, ಕಾಲೇಜಿನಲ್ಲಿ ಓದುವಾಗ ಹಾಕಿಸಿದ್ದು. ಇನ್ನೊಂದು ಹಲ್ಲಿನ ಬಣ್ಣದ್ದು, ಅದಾದ ಎಷ್ಟೋ ವರ್ಷಕ್ಕೆ ಹಾಕಿಸಿದ್ದು. ಈ ಸಲ ಕ್ಲೀನಿಂಗ್‌ಗೆ ಅಂತ ಹೋದಾಗ ಡಾಕ್ಟ್ರು ನೋಡಿ, "ಎರಡೂ ಸವೆದಿವೆ, ತೆಗೆದು ಹೊಸದು ಹಾಕಿಬಿಡೋಣ" ಅಂದರು.

ನನಗೆ ನೋವಿಲ್ಲ. ತಣ್ಣಗಿನದು ಕುಡಿದರೆ ಜುಮ್ಮೆನ್ನುವುದೂ ಇಲ್ಲ. ಬೆಳ್ಳಿ ಫಿಲ್ಲಿಂಗಿನ ಅಂಚಿನಲ್ಲಿ ಸಣ್ಣ ಕಾಲುವೆ ತರಹ ತಗ್ಗಾಗಿದೆ, ನಾಲಿಗೆಗೆ ಸಿಗುತ್ತದೆ. ಬಿಳಿಯದರ ಹೊಳಪು ಹೋಗಿದೆ, ಸುತ್ತ ಕಂದು ಗೆರೆ ಬಂದಿದೆ. ಹಾಂ, ಆ ಹಲ್ಲಿನ ಪಕ್ಕದ ಸಂದಿಯಲ್ಲಿ ಫ್ಲಾಸ್ ಹಾಕಿದರೆ ದಾರ ಎಳೆ ಎಳೆಯಾಗಿ ಬರುತ್ತದೆ. ಅದು ಮೊದಲಿಂದಲೂ ಹಾಗೇ ಇತ್ತೋ ಏನೋ, ಗಮನಿಸಿಲ್ಲ.

ಕೇಳಬೇಕಾದ್ದು ಇಷ್ಟೇ. ಇವು ಯಾಕೆ ಸವೆಯುತ್ತವೆ? ಲೋಹದ್ದು ಗಟ್ಟಿ ಅಲ್ವಾ? ಇಷ್ಟು ವರ್ಷಕ್ಕೆ ಬದಲಿಸಬೇಕು ಅಂತ ಲೆಕ್ಕ ಏನಾದರೂ ಇದೆಯಾ?

ಸುಮ್ನೆಓದುಗ:
ನೋವಿಲ್ಲ ಅಂದ್ರೆ ಮುಟ್ಟೋಕೆ ಬಿಡಬೇಡಿ. ಚೆನ್ನಾಗಿರೋದನ್ನ ಕೆದಕಿಸಿಕೊಂಡು ರೂಟ್ ಕೆನಾಲ್‌ವರೆಗೂ ಹೋದವರನ್ನು ನೋಡಿದ್ದೇನೆ.

ದಂತಕಥೆ:
ಹಲ್ಲಿನ ಡಾಕ್ಟರ್ ಆಗಿ ಹೇಳುತ್ತಿದ್ದೇನೆ. ನೋವಿಲ್ಲ ಅನ್ನುವುದು ಒಳ್ಳೆಯ ಸುದ್ದಿ, ಆದರೆ ಅದರ ಮೇಲೆ ತೀರ್ಮಾನ ಮಾಡಲು ಆಗುವುದಿಲ್ಲ. ಫಿಲ್ಲಿಂಗಿನ ಅಡಿಯಲ್ಲಿ ಹುಳುಕು ಶುರುವಾದರೂ ಅದು ಒಳಗಿನ ನರದ ಹತ್ತಿರ ಹೋಗುವವರೆಗೆ ಏನೂ ಗೊತ್ತಾಗದೆ ಇರಬಹುದು. ಹಾಗೆಯೇ "ಸವೆದಿದೆ" ಅನ್ನುವುದೂ ಬದಲಿಸಲು ಸಾಕಾದ ಕಾರಣವಲ್ಲ. ಹಲ್ಲೇ ಸವೆಯುತ್ತದೆ ಸ್ವಾಮಿ!

ಅಳತೆ ಹೇಳುತ್ತೇನೆ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಎದುರಿನ ಹಲ್ಲು ನೇರವಾಗಿ ತಾಗುವ ಜಾಗದಲ್ಲಿ, ದೊಡ್ಡ ದವಡೆ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ವರ್ಷಕ್ಕೆ ಸುಮಾರು 30 ಮೈಕ್ರಾನ್ ಸವೆಯುತ್ತದೆ. ಅದರ ಮುಂದಿನ ಸಣ್ಣ ದವಡೆ ಹಲ್ಲಿನಲ್ಲಿ ಸುಮಾರು 15. ಈಗಿನ ಒಳ್ಳೆಯ ಬಿಳಿ ಫಿಲ್ಲಿಂಗುಗಳ ಸವೆತವೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿದೆ. ಅಂದರೆ ಹತ್ತು ವರ್ಷಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಅಷ್ಟರಲ್ಲಿ ಪಕ್ಕದ ಎನಾಮಲ್ ಕೂಡ ಇಳಿದಿರುತ್ತದೆ, ಎದುರಿನ ಹಲ್ಲು ಸ್ವಲ್ಪ ಮುಂದಕ್ಕೆ ಬಂದು ಜಾಗ ತುಂಬಿರುತ್ತದೆ. ಕಚ್ಚುವಾಗ ನಿಮಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ನಾನು ತೆಗೆದು ಹಾಕುವ ಫಿಲ್ಲಿಂಗುಗಳಲ್ಲಿ ಮೇಲ್ಮೈ ಸವೆದು ಹಾಳಾದದ್ದು ಕಡಿಮೆ. ಎರಡೇ ದೊಡ್ಡ ಕಾರಣ: ಅಂಚಿನಲ್ಲಿ ಮತ್ತೆ ಹುಳುಕು, ಇಲ್ಲವೇ ಫಿಲ್ಲಿಂಗೋ ಹಲ್ಲೋ ಮುರಿಯುವುದು. ಹಾಗಾಗಿ ಫಿಲ್ಲಿಂಗ್ ಎಷ್ಟು ತೆಳುವಾಗಿದೆ ಅಂತ ನೋಡುವುದಕ್ಕಿಂತ ಅದು ಹಲ್ಲನ್ನು ಸೇರುವ ಗೆರೆ ಹೇಗಿದೆ ಅಂತ ನೋಡಬೇಕು.

ಕಬ್ಬಿಣದಕಡಲೆ:
ಡಾಕ್ಟ್ರು ಸವೆತವನ್ನು ಸ್ವಲ್ಪ ಹಗುರವಾಗಿ ತೆಗೆದುಕೊಂಡರು ಅನ್ನಿಸಿತು. ನಾನು ಹಲ್ಲಿನವನಲ್ಲ. ಯಂತ್ರದ ಬಿಡಿಭಾಗಗಳ ಸವೆತ ನೋಡುವುದು ನನ್ನ ಕೆಲಸ. ಮನೆಯವರ ಹಲ್ಲಿನ ನೆಪದಲ್ಲಿ ಈ ವಿಷಯ ಓದಲು ಶುರು ಮಾಡಿದವನು ಬಿಡಲೇ ಇಲ್ಲ.

ಬಿಳಿ ಫಿಲ್ಲಿಂಗ್ ಅಂದರೆ ಕಾಂಪೊಸಿಟ್. ಅದರಲ್ಲಿ ಇರುವುದು ಎರಡು ಪದಾರ್ಥ. ಒಂದು, ಮೆತ್ತಗಿನ ಪ್ಲಾಸ್ಟಿಕ್ ರಾಳ. ಇನ್ನೊಂದು, ಅದರೊಳಗೆ ಕಲಸಿದ ಗಾಜಿನ ಅಥವಾ ಸಿಲಿಕಾದ ಗಟ್ಟಿ ಕಣಗಳು. ಈಗಿನವುಗಳಲ್ಲಿ ತೂಕದ ಲೆಕ್ಕದಲ್ಲಿ 70ರಿಂದ 80 ಶೇಕಡಾ ಕಣಗಳೇ. ಡಾಂಬರು ರಸ್ತೆ ನೆನೆಸಿಕೊಳ್ಳಿ. ಮೊದಲು ಸವೆಯುವುದು ಡಾಂಬರು. ಜಲ್ಲಿ ಮೇಲೆದ್ದು ಕಾಣುತ್ತದೆ. ಆಮೇಲೆ ಒಂದೊಂದೇ ಜಲ್ಲಿ ಕಿತ್ತು ಬರುತ್ತದೆ. ಒಂದು ಕಿತ್ತ ಜಾಗದಲ್ಲಿ ಗುಂಡಿಯಾದ ಮೇಲೆ ಪಕ್ಕದ್ದು ಕೀಳುವುದು ಇನ್ನೂ ಸುಲಭ.

ರಾಫೆಲ್ ಬೋವೆನ್ ಎಂಬ ಅಮೆರಿಕದ ವಿಜ್ಞಾನಿ ಬಿಸ್-ಜಿಎಂಎ ಎಂಬ ರಾಳಕ್ಕೆ ಪೇಟೆಂಟ್ ಪಡೆದದ್ದು 1962ರಲ್ಲಿ. ಇವತ್ತಿನ ಬಹುಪಾಲು ಕಾಂಪೊಸಿಟ್‌ಗಳ ಬೇರು ಅಲ್ಲಿದೆ. ಆ ಕಾಲದ ಫಿಲ್ಲಿಂಗ್‌ನಲ್ಲಿ ಕಣಗಳು ಬಹಳ ದೊಡ್ಡವು, ಹತ್ತಾರು ಮೈಕ್ರಾನ್ ಗಾತ್ರದ ಸ್ಫಟಿಕದ ಚೂರುಗಳು. ದವಡೆ ಹಲ್ಲಿಗೆ ಹಾಕಿದರೆ ವರ್ಷಕ್ಕೆ 100 ಮೈಕ್ರಾನ್ ಆಸುಪಾಸು ಸವೆಯುತ್ತಿದ್ದವು. ಆಮೇಲೆ 0.04 ಮೈಕ್ರಾನ್‌ನ ಸಣ್ಣ ಸಿಲಿಕಾ ಕಣ ಹಾಕಿ ನೋಡಿದರು. ಹೊಳಪು ಸೊಗಸಾಗಿ ಬಂತು. ಆದರೆ ಅಷ್ಟು ಸಣ್ಣ ಕಣವನ್ನು ಹೆಚ್ಚು ತುಂಬಿಸಲು ಆಗುವುದಿಲ್ಲ, ಜಗಿಯುವ ಭಾರಕ್ಕೆ ಅಂಚು ಮುರಿಯುತ್ತಿತ್ತು. ಕೊನೆಗೆ ಬೇರೆ ಬೇರೆ ಗಾತ್ರದ ಕಣಗಳನ್ನು ಬೆರೆಸಿ ಹೈಬ್ರಿಡ್ ಬಂತು, ನ್ಯಾನೋಹೈಬ್ರಿಡ್ ಬಂತು. ಕಣ ಸಣ್ಣದಾದರೆ ಕಿತ್ತು ಬಂದರೂ ಗುಂಡಿ ಸಣ್ಣದು. ಕಣಗಳ ನಡುವಿನ ರಾಳದ ಜಾಗವೂ ಕಿರಿದು, ಆಹಾರ ಅದನ್ನು ಉಜ್ಜಿ ತೆಗೆಯಲು ಆಗುವುದಿಲ್ಲ. ಸವೆತದ ವಿಷಯದಲ್ಲಿ ದೊಡ್ಡ ಗೆಲುವು ಆಗಿದ್ದು ಇಲ್ಲೇ.

ಬರೀ ಉಜ್ಜಾಟ ಆಗಿದ್ದರೆ ಲೆಕ್ಕ ಸುಲಭವಿತ್ತು. ಬಾಯಿಯಲ್ಲಿ ಯಾವಾಗಲೂ ನೀರು. ರಾಳ ನಿಧಾನಕ್ಕೆ ನೀರು ಹೀರಿ ಮೆತ್ತಗಾಗುತ್ತದೆ. ಕಣಕ್ಕೂ ರಾಳಕ್ಕೂ ನಡುವೆ ಸಿಲೇನ್ ಅನ್ನುವ ಅಂಟು ಇರುತ್ತದೆ. ನೀರು ಅದನ್ನೂ ಬಿಡಿಸುತ್ತದೆ. ಜೊಲ್ಲಿನಲ್ಲಿರುವ ಎಸ್ಟರೇಸ್ ಕಿಣ್ವಗಳು ರಾಳದ ಕೊಂಡಿಗಳನ್ನು ಕತ್ತರಿಸುತ್ತವೆ. ಆಲ್ಕೋಹಾಲ್ ತಾಗಿದರೂ ಮೇಲ್ಮೈ ಮೃದುವಾಗುತ್ತದೆ. ಹೀಗೆ ಸಡಿಲವಾದದ್ದನ್ನು ಜಗಿಯುವಾಗ ಆಹಾರ ಉಜ್ಜಿಕೊಂಡು ಹೋಗುತ್ತದೆ. ಸಾವಿರಾರು ಸಲ ಭಾರ ಬಿದ್ದು ಬಿದ್ದು ಒಳಗೆ ಕೂದಲೆಳೆಯಂಥ ಬಿರುಕುಗಳೂ ಹುಟ್ಟುತ್ತವೆ. ಇದೆಲ್ಲ ಒಟ್ಟಿಗೇ ನಡೆಯುತ್ತಿರುತ್ತದೆ.

ಆದ್ದರಿಂದ "ಗಟ್ಟಿ ಅಲ್ವಾ" ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಗಟ್ಟಿತನ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ವಿಕರ್ಸ್ ಅಳತೆಯಲ್ಲಿ ಎನಾಮಲ್ 300 ದಾಟುತ್ತದೆ, ಹೆಚ್ಚಿನ ಕಾಂಪೊಸಿಟ್‌ಗಳು 100ರ ಒಳಗೇ ಇರುತ್ತವೆ. ಆದರೂ ಬಾಯಿಯಲ್ಲಿ ಎರಡೂ ಹತ್ತಿರ ಹತ್ತಿರ ಸವೆಯುತ್ತವೆ ಅಂತ ಡಾಕ್ಟ್ರೇ ಹೇಳಿದರಲ್ಲ.

ದಂತಕಥೆ:
ಕಬ್ಬಿಣದಕಡಲೆ ಅವರೇ, ಚೆನ್ನಾಗಿ ಬರೆದಿದ್ದೀರಿ. ಒಂದು ಸೇರಿಸುತ್ತೇನೆ. ಲ್ಯಾಬ್‌ನ ಸವೆತ ಯಂತ್ರದಲ್ಲಿ ಮೊದಲ ಸ್ಥಾನ ಬಂದ ಫಿಲ್ಲಿಂಗ್ ಬಾಯಿಯಲ್ಲೂ ಮೊದಲು ಬರುತ್ತದೆ ಅನ್ನುವ ಭರವಸೆ ಇಲ್ಲ. ಒಂದು ಯಂತ್ರದ ಫಲಿತಾಂಶಕ್ಕೂ ಇನ್ನೊಂದರ ಫಲಿತಾಂಶಕ್ಕೂ ತಾಳೆಯಾಗುವುದಿಲ್ಲ. ಕಂಪನಿಯ ಕರಪತ್ರದಲ್ಲಿ ಇರುವ ಗ್ರಾಫ್‌ಗಳನ್ನು ನಾನು ಅದಕ್ಕೇ ಜಾಸ್ತಿ ನಂಬುವುದಿಲ್ಲ.

ಇನ್ನು ನೀವು ರಸಾಯನದ ಬಗ್ಗೆ ಹೇಳಿದ್ದು ಮೇಲ್ಮೈಗಿಂತ ಅಂಚಿಗೆ ಹೆಚ್ಚು ಅನ್ವಯಿಸುತ್ತದೆ. ನೀಲಿ ಲೈಟ್ ಹಿಡಿದಾಗ ಕಾಂಪೊಸಿಟ್ ಗಟ್ಟಿಯಾಗುವ ಜೊತೆಗೆ ಕುಗ್ಗುತ್ತದೆ, ಸಾಮಾನ್ಯವಾಗಿ 2ರಿಂದ 3 ಶೇಕಡಾ. ಕುಗ್ಗುವಾಗ ಹಲ್ಲಿನ ಗೋಡೆಯನ್ನು ಎಳೆಯುತ್ತದೆ. ಅಂಟು ಸೋತ ಕಡೆ ಕಣ್ಣಿಗೆ ಕಾಣದ ಸಂದು ಉಳಿಯುತ್ತದೆ. ಎನಾಮಲ್‌ಗೆ ಹಿಡಿದ ಅಂಟು ಬಲವಾಗಿರುತ್ತದೆ. ಅದರ ಒಳಗಿನ ಪದರವಾದ ಡೆಂಟಿನ್‌ಗೆ ಹಿಡಿದದ್ದು ವರ್ಷಗಳು ಕಳೆದಂತೆ ಸೋಲುತ್ತದೆ, ಯಾಕೆಂದರೆ ಡೆಂಟಿನ್‌ನಲ್ಲಿ ನೀರಿದೆ, ಪ್ರೋಟೀನ್ ಇದೆ, ಆ ಪ್ರೋಟೀನನ್ನು ಒಡೆಯುವ ಕಿಣ್ವಗಳೂ ಅಲ್ಲೇ ಇವೆ. ಬಿಸಿ ತಣ್ಣಗೆ ಆದಾಗ ಕಾಂಪೊಸಿಟ್ ಹಲ್ಲಿಗಿಂತ ಎರಡು ಮೂರು ಪಟ್ಟು ಹಿಗ್ಗಿ ಕುಗ್ಗುತ್ತದೆ. ಆ ಎಳೆದಾಟ ಪೂರ್ತಿ ಬೀಳುವುದು ಅಂಚಿನ ಮೇಲೆ.

ಮೂಲೆಮನೆ:
ಬೆಳ್ಳಿಯದರ ಬಗ್ಗೆ ಯಾರೂ ಹೇಳಲಿಲ್ಲ. ಅಂಚಿನಲ್ಲಿ ಕಾಲುವೆ ಆಗಿರುವುದು ಅದರಲ್ಲೇ. ಅದಕ್ಕೆ ಅಂಟು ಕೂಡ ಇಲ್ಲವಂತೆ?

ದಂತಕಥೆ:
ಹೌದು, ಬೆಳ್ಳಿ ಫಿಲ್ಲಿಂಗ್ ಅಂದರೆ ಅಮಾಲ್ಗಂ, ಅದು ಹಲ್ಲಿಗೆ ಅಂಟುವುದಿಲ್ಲ. ಬೆಳ್ಳಿ, ತವರ, ತಾಮ್ರದ ಪುಡಿಗೆ ಪಾದರಸ ಸೇರಿಸಿ ಕಲಸುತ್ತೇವೆ. ತೂಕದಲ್ಲಿ ಸುಮಾರು ಅರ್ಧ ಪಾದರಸ. ಕುಳಿಯನ್ನು ಬಾಯಿ ಕಿರಿದಾಗಿ, ಒಳಗೆ ಅಗಲವಾಗಿ ಕೊರೆದು ತುರುಕಬೇಕು, ಆಗ ಅದು ಆಕಾರದ ಬಲದಿಂದ ನಿಲ್ಲುತ್ತದೆ. ಜಿ.ವಿ. ಬ್ಲ್ಯಾಕ್ ಎಂಬ ಅಮೆರಿಕದ ದಂತವೈದ್ಯರು 1890ರ ದಶಕದಲ್ಲಿ ಇದರ ಮಿಶ್ರಣವನ್ನು ಒಂದು ಹದಕ್ಕೆ ತಂದರು.

ಹಳೆಯ ಮಿಶ್ರಣದಲ್ಲಿ ತವರ ಮತ್ತು ಪಾದರಸ ಸೇರಿ ಗಾಮಾ-2 ಎಂಬ ಭಾಗ ಹುಟ್ಟುತ್ತಿತ್ತು. ಇಡೀ ಫಿಲ್ಲಿಂಗಿನಲ್ಲಿ ಅದೇ ದುರ್ಬಲ, ತುಕ್ಕು ಹಿಡಿಯುವುದೂ ಅದಕ್ಕೇ ಹೆಚ್ಚು. ಭಾರ ಬಿದ್ದಾಗ ಫಿಲ್ಲಿಂಗ್ ಬಹಳ ನಿಧಾನವಾಗಿ ಹರಿದು ಅಂಚಿನಾಚೆ ತೆಳುವಾಗಿ ಚಾಚುತ್ತದೆ, ಆ ತೆಳು ಭಾಗ ಮುರಿದು ಬೀಳುತ್ತದೆ. ನಿಮ್ಮ ನಾಲಿಗೆಗೆ ಸಿಕ್ಕಿದ ಕಾಲುವೆ ಹೀಗೆ ಆಗಿರುವುದೇ ಹೆಚ್ಚು. 1960ರ ದಶಕದಿಂದ ತಾಮ್ರ ಹೆಚ್ಚು ಹಾಕಿ ಗಾಮಾ-2 ಬಹುಮಟ್ಟಿಗೆ ಇಲ್ಲದಂತೆ ಮಾಡಿದರು. ಅಂಚು ಮುರಿಯುವುದು ಬಹಳ ಕಡಿಮೆಯಾಯಿತು.

ನನಗೆ ಈಗಲೂ ಮೋಜು ಅನಿಸುವುದು ಇದರ ತುಕ್ಕು. ಬೇರೆ ಎಲ್ಲ ಕಡೆ ತುಕ್ಕು ಶತ್ರು. ಇಲ್ಲಿ ಆ ತುಕ್ಕೇ ಫಿಲ್ಲಿಂಗಿಗೂ ಹಲ್ಲಿಗೂ ನಡುವಿನ ಸಂದಿಯಲ್ಲಿ ಕೂತು ಅದನ್ನು ಮುಚ್ಚುತ್ತದೆ. ಅಂಟೇ ಇಲ್ಲದ ಫಿಲ್ಲಿಂಗ್ ಅಷ್ಟು ವರ್ಷ ಬಾಳುವುದಕ್ಕೆ ಇದೂ ಕಾರಣ. ಮೇಲೆ ಕಾಲುವೆ ಕಂಡರೂ ಕೆಳಗೆ ಮುಚ್ಚಿರಬಹುದು. ಹಾಗಾಗಿ ಬರೀ ಕಾಲುವೆ ನೋಡಿ ಅಮಾಲ್ಗಂ ಕಿತ್ತುಹಾಕುವುದನ್ನು ನಾನು ಒಪ್ಪುವುದಿಲ್ಲ. ಬೆಳ್ಳಿ ಫಿಲ್ಲಿಂಗಿನಲ್ಲಿ ನಾನು ಹೆದರುವುದು ಬೇರೆಯದಕ್ಕೆ. ದೊಡ್ಡ ಫಿಲ್ಲಿಂಗ್ ಇದ್ದರೆ ಉಳಿದ ಹಲ್ಲಿನ ಗೋಡೆ ತೆಳುವಾಗಿರುತ್ತದೆ, ಒಂದು ದಿನ ಆ ಗೋಡೆ ಸೀಳಿಬಿಡುತ್ತದೆ. ಫಿಲ್ಲಿಂಗ್ ಮಾತ್ರ ಗುಂಡುಕಲ್ಲಿನ ಹಾಗೆ ಅಲ್ಲೇ ಇರುತ್ತದೆ.

ಉಪ್ಪುನೀರು:
ಪಾದರಸ ಅಂತ ಓದಿಯೇ ಮೈ ಜುಮ್ಮೆಂದಿತು. ಯುರೋಪಿನಲ್ಲಿ ನಿಲ್ಲಿಸಿದ್ದಾರಲ್ಲ? ಅಂದ ಮೇಲೆ ತೆಗೆಸಿಬಿಡುವುದೇ ವಾಸಿ ಅಲ್ವಾ?

ದಂತಕಥೆ:
ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿ 1ರಿಂದ ಹೊಸದಾಗಿ ಹಾಕುವುದನ್ನು ನಿಲ್ಲಿಸಿದ್ದಾರೆ, ವೈದ್ಯರೇ ಅಗತ್ಯ ಅಂದ ಕೆಲವು ಸಂದರ್ಭ ಬಿಟ್ಟು. ಮುಖ್ಯ ಕಾರಣ ಪಾದರಸ ನೀರಿಗೆ, ಮಣ್ಣಿಗೆ ಸೇರುವುದು. ಬಾಯಲ್ಲಿ ಗಟ್ಟಿಯಾಗಿ ಕೂತಿರುವುದನ್ನು ಕಿತ್ತುಹಾಕಿ ಅಂತ ಹೇಳಿಲ್ಲ. ಕೊರೆದು ತೆಗೆಯುವಾಗಲೇ ಆವಿ ಜಾಸ್ತಿ ಏಳುತ್ತದೆ. ಚೆನ್ನಾಗಿರುವ ಫಿಲ್ಲಿಂಗನ್ನು ಪಾದರಸದ ಭಯಕ್ಕೆ ತೆಗೆಸಬೇಡಿ. ಈ ಚರ್ಚೆ ಮುಂದುವರಿಸಬೇಕಿದ್ದರೆ ಬೇರೆ ಎಳೆ ತೆರೆಯಿರಿ, ಇಲ್ಲಿ ಸವೆತದ ಮಾತಿರಲಿ.

ಅರ್ಧರಾತ್ರಿ:
ನನ್ನದು ಸವೆತದ್ದೇ ಗೋಳು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ. ನನಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ನಿದ್ದೆ ಬರುವುದಿಲ್ಲ. ಒಂದೇ ಹಲ್ಲಿನ ಬಿಳಿ ಫಿಲ್ಲಿಂಗ್ ಮತ್ತೆ ಮತ್ತೆ ಚಕ್ಕೆ ಎದ್ದು, ಈಗ ಜಿರ್ಕೋನಿಯಾ ಕ್ಯಾಪ್ ಹಾಕಿಸಿ ಅನ್ನುತ್ತಿದ್ದಾರೆ. ಅದು ಭಾರಿ ಗಟ್ಟಿಯಂತೆ. ಎದುರಿನ ಹಲ್ಲಿನ ಗತಿ ಏನು?

ಕಬ್ಬಿಣದಕಡಲೆ:
ಒಳ್ಳೆಯ ಪ್ರಶ್ನೆ. ಎದುರಿನದನ್ನು ತಿನ್ನುವುದು ಗಟ್ಟಿತನಕ್ಕಿಂತ ಒರಟುತನ. ನುಣ್ಣಗೆ ಪಾಲಿಶ್ ಮಾಡಿದ ಜಿರ್ಕೋನಿಯಾ ಎದುರಿನ ಎನಾಮಲ್‌ಗೆ ಹಳೆಯ ಪಿಂಗಾಣಿ ಕ್ಯಾಪ್‌ಗಿಂತ ಕಡಿಮೆ ಹಾನಿ ಮಾಡುತ್ತದೆ. ಪಿಂಗಾಣಿಯ ಮೇಲಿನ ಗಾಜಿನ ಲೇಪ ಸವೆದು ಒಳಗಿನ ಒರಟು ಭಾಗ ಹೊರಬಂದರೆ ಎದುರಿನ ಹಲ್ಲು ತೇಯುತ್ತದೆ. ಚಿನ್ನ ಎಲ್ಲಕ್ಕಿಂತ ಸಾಧು, ಎನಾಮಲ್ ಜೊತೆಗೇ ಸವೆಯುತ್ತದೆ. ಅದರ ಬಣ್ಣ ಯಾರಿಗೂ ಬೇಡ, ಅಷ್ಟೇ.

ದಂತಕಥೆ:
ಕ್ಯಾಪ್ ಕೂರಿಸಿದ ದಿನ ಎತ್ತರ ಸರಿಮಾಡಲು ಡಾಕ್ಟ್ರು ಅದನ್ನು ಸ್ವಲ್ಪ ಉಜ್ಜುತ್ತಾರೆ. ಉಜ್ಜಿದ ಮೇಲೆ ಮತ್ತೆ ಪಾಲಿಶ್ ಮಾಡಿದರಾ ಅಂತ ಕೇಳಿ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಆ ಹಂತವೇ.

ಆದರೆ ಅರ್ಧರಾತ್ರಿ ಅವರೇ, ಮೊದಲು ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಸಿ. ಎಚ್ಚರವಿದ್ದಾಗ ಊಟ, ನುಂಗುವುದು ಎಲ್ಲ ಸೇರಿಸಿದರೂ ಹಲ್ಲಿಗೆ ಹಲ್ಲು ತಾಗುವುದು ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ. ನಿಮ್ಮ ಫಿಲ್ಲಿಂಗ್ ಅದರಾಚೆಗೂ ದುಡಿಯುತ್ತಿದೆ, ಅದೂ ನಡುವೆ ಆಹಾರವಿಲ್ಲದೆ ನೇರ ತಿಕ್ಕಾಟ. ಆ ಭಾರಕ್ಕೆ ಯಾವ ಬ್ರಾಂಡ್ ಹಾಕಿದರೂ ಚಕ್ಕೆ ಏಳುತ್ತದೆ.

ಉಪ್ಪುನೀರು:
ನನಗೆ ಆಸಿಡಿಟಿ ಇದೆ, ಹುಳಿ ಬಾಯಿಗೆ ಬರುತ್ತದೆ. ಒಸಡಿನ ಹತ್ತಿರ ಹಲ್ಲಿನ ಬುಡದಲ್ಲಿ ಜಿಐಸಿ ಅಂತ ಏನೋ ಸಿಮೆಂಟ್ ಹಾಕಿದ್ದರು. ಅದು ಕರಗಿ ಹೋದಂತೆ ಆಗಿದೆ. ವಿಚಿತ್ರ ಅಂದರೆ ದವಡೆಯ ಹಳೆಯ ಬೆಳ್ಳಿ ಫಿಲ್ಲಿಂಗ್ ಮಾತ್ರ ಹಲ್ಲಿಗಿಂತ ಎತ್ತರಕ್ಕೆ ಎದ್ದು ನಿಂತಿದೆ. ಮೊದಲು ಹಾಗಿರಲಿಲ್ಲ.

ದಂತಕಥೆ:
ಫಿಲ್ಲಿಂಗ್ ಮೇಲೆದ್ದಿಲ್ಲ. ಸುತ್ತಲಿನ ಹಲ್ಲು ಕರಗಿ ಕೆಳಗಿಳಿದಿದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು. ಹೊಟ್ಟೆಯ ಆಮ್ಲ 1-2ರ ಆಸುಪಾಸು. ಅಮಾಲ್ಗಂ ಅದಕ್ಕೆ ಜಗ್ಗುವುದಿಲ್ಲ, ಹಾಗಾಗಿ ಅದೊಂದು ಎತ್ತರದಲ್ಲಿ ಉಳಿದಿದೆ. ನಾವು ಬಾಯಿ ನೋಡಿಯೇ ಹೊಟ್ಟೆಯ ತೊಂದರೆ ಊಹಿಸುವುದು ಇಂಥ ಗುರುತುಗಳಿಂದ. ದಯವಿಟ್ಟು ಹೊಟ್ಟೆಯ ಡಾಕ್ಟ್ರನ್ನು ನೋಡಿ. ಹುಳಿ ಬಂದ ತಕ್ಷಣ ಬ್ರಷ್ ಮಾಡಬೇಡಿ, ಆ ಹೊತ್ತಿಗೆ ಮೇಲ್ಮೈ ಮೆತ್ತಗಿರುತ್ತದೆ. ನೀರಲ್ಲಿ ಮುಕ್ಕಳಿಸಿ ಸುಮ್ಮನಿರಿ.

ಜಿಐಸಿ ಅಂದರೆ ಗ್ಲಾಸ್ ಅಯನೋಮರ್ ಸಿಮೆಂಟ್. ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಮಾಡಿದ್ದು, 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ಇದು ಹಲ್ಲಿನ ಕ್ಯಾಲ್ಸಿಯಂಗೆ ತಾನಾಗಿಯೇ ಅಂಟುತ್ತದೆ, ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತದೆ. ಮೊದಲ ಕೆಲವು ದಿನ ಜಾಸ್ತಿ, ಆಮೇಲೆ ಕಡಿಮೆ. ಪೇಸ್ಟಿನಲ್ಲಿರುವ ಫ್ಲೋರೈಡನ್ನು ಮತ್ತೆ ಹೀರಿಕೊಳ್ಳುತ್ತದೆ ಕೂಡ. ಒಳ್ಳೆಯ ಗುಣಗಳೇ. ಆದರೆ ಸವೆತ ತಡೆಯುವುದರಲ್ಲಿ ಕಾಂಪೊಸಿಟ್, ಅಮಾಲ್ಗಂ ಎರಡಕ್ಕಿಂತ ಹಿಂದೆ. ಆಮ್ಲದಲ್ಲಂತೂ ಬೇಗ ಕರಗುತ್ತದೆ. ಮಕ್ಕಳ ಹಾಲುಹಲ್ಲಿಗೆ ಚೆನ್ನ, ಹಲ್ಲೇ ಕೆಲವು ವರ್ಷಕ್ಕೆ ಬಿದ್ದುಹೋಗುತ್ತದಲ್ಲ. ನಿಮ್ಮ ಬಾಯಿಗೆ ಇದು ತಕ್ಕ ಆಯ್ಕೆ ಆಗಿರಲಿಲ್ಲ ಅನ್ನಿಸುತ್ತದೆ.

ಸುಮ್ನೆಓದುಗ:
ಹಲ್ಲು ಬಿಳಿ ಮಾಡುವ ಪೇಸ್ಟ್‌ಗಳಿಂದ ಫಿಲ್ಲಿಂಗ್ ಸವೆಯುತ್ತಾ?

ಕಬ್ಬಿಣದಕಡಲೆ:
ಒರಟು ಪುಡಿ ಇರುವ ಪೇಸ್ಟ್ ಆದರೆ ಹೌದು, ಮೊದಲು ಹೋಗುವುದು ಹೊಳಪು. ಇದ್ದಿಲು ಪುಡಿಯಲ್ಲಿ ಉಜ್ಜುವವರಿಗೂ ಇದೇ ಉತ್ತರ. ಬಣ್ಣದ ಬಗ್ಗೆ ಇನ್ನೊಂದು: ಹಲ್ಲು ಬ್ಲೀಚ್ ಮಾಡಿಸಿದರೆ ಹಲ್ಲು ಬೆಳ್ಳಗಾಗುತ್ತದೆ, ಫಿಲ್ಲಿಂಗ್ ಇದ್ದ ಬಣ್ಣದಲ್ಲೇ ಇರುತ್ತದೆ. ಆಮೇಲೆ "ಫಿಲ್ಲಿಂಗ್ ಕಪ್ಪಾಯಿತು" ಅಂತ ಬರುತ್ತಾರೆ.

ಮೂಲೆಮನೆ:
ಇಷ್ಟೆಲ್ಲ ಓದಿದ ಮೇಲೆ ಡಾಕ್ಟ್ರ ಹತ್ತಿರ ಏನು ಕೇಳಲಿ? ಜಗಳ ಆಡಲು ಇಷ್ಟವಿಲ್ಲ. ಅವರು ಒಳ್ಳೆಯವರೇ.

ದಂತಕಥೆ:
ಜಗಳ ಬೇಡ. "ಅಂಚಿನಲ್ಲಿ ಹುಳುಕು ಇದೆಯಾ, ಅಥವಾ ಬರೀ ಕಲೆಯಾ?" ಅಂತ ಕೇಳಿ. ಕಂದು ಗೆರೆ ಇದ್ದ ಮಾತ್ರಕ್ಕೆ ಹುಳುಕಲ್ಲ. ಚೂಪು ಸೂಜಿ ಸಿಕ್ಕಿಕೊಂಡಿತು ಅನ್ನುವುದೂ ಸಾಕ್ಷಿಯಲ್ಲ, ಸೂಜಿ ಯಾವ ಸಂದಿಗೂ ಸಿಕ್ಕಿಕೊಳ್ಳುತ್ತದೆ. ಹಲ್ಲುಗಳ ನಡುವೆ ನೋಡಲು ಬೈಟ್‌ವಿಂಗ್ ಎಕ್ಸ್‌ರೇ ತೆಗೆಸಿ. ಫ್ಲಾಸ್ ಎಳೆ ಎಳೆಯಾಗಿ ಬರುತ್ತದೆ ಅಂದಿರಲ್ಲ, ಅದನ್ನು ಮರೆಯದೆ ಹೇಳಿ. ನನ್ನ ಕಿವಿ ನಿಮಿರಿದ್ದು ಅದಕ್ಕೆ, ಕಂದು ಗೆರೆಗಲ್ಲ.

ಆಮೇಲೆ "ಪೂರ್ತಿ ತೆಗೆಯದೆ ರಿಪೇರಿ ಆಗುತ್ತಾ?" ಅಂತಲೂ ಕೇಳಿ. ಹಳೆಯದನ್ನು ತೆಗೆದಾಗಲೆಲ್ಲ ಹಲ್ಲಿನ ಒಂದಿಷ್ಟು ಭಾಗವೂ ಹೋಗುತ್ತದೆ, ಕುಳಿ ದೊಡ್ಡದಾಗುತ್ತದೆ. ಮುಂದಿನ ಸಲ ಇನ್ನೂ ದೊಡ್ಡದು, ಆಮೇಲೆ ಕ್ಯಾಪ್. ಪಾಲಿಶ್ ಮಾಡಿ ಕಲೆ ತೆಗೆಯಬಹುದು. ಚಕ್ಕೆ ಎದ್ದ ಕಡೆ ಮಾತ್ರ ಸ್ವಲ್ಪ ಕೊರೆದು ಹೊಸ ಕಾಂಪೊಸಿಟ್ ಕೂಡಿಸಬಹುದು.

ವರ್ಷದ ಲೆಕ್ಕ ಕೇಳಿದ್ದಿರಿ. ದವಡೆಯ ಬಿಳಿ ಫಿಲ್ಲಿಂಗುಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂದರಿಂದ ಮೂರು ಕೆಡುತ್ತವೆ ಅನ್ನುವುದು ಸಾಮಾನ್ಯ ಅಂದಾಜು. ಹತ್ತು ವರ್ಷ ಆಯಿತು, ಹಾಗಾಗಿ ಬದಲಿಸಿ ಅನ್ನುವ ನಿಯಮ ಇಲ್ಲ. ಹುಳುಕು ಬೇಗ ಬರುವ ಬಾಯಿ, ಹಲ್ಲು ಕಡಿಯುವ ಅಭ್ಯಾಸ, ಫಿಲ್ಲಿಂಗಿನ ಗಾತ್ರ, ಹಾಕಿದವರ ಕೈ, ಇವು ಬ್ರಾಂಡ್‌ಗಿಂತ ಹೆಚ್ಚು ನಿರ್ಧರಿಸುತ್ತವೆ.

ಮೂಲೆಮನೆ:
ಹೋಗಿ ಬಂದೆ. ಕೇಳಿದ್ದಕ್ಕೆ ಡಾಕ್ಟ್ರು ಬೇಸರ ಮಾಡಿಕೊಳ್ಳಲಿಲ್ಲ, ಎಕ್ಸ್‌ರೇ ತೆಗೆದು ಪರದೆಯಲ್ಲಿ ತೋರಿಸಿದರು. ಬೆಳ್ಳಿಯದರ ಕೆಳಗೆ ಏನೂ ಇಲ್ಲ. ಅಂಚು ನುಣುಪು ಮಾಡಿ ಬಿಟ್ಟರು. ಬಿಳಿಯದರಲ್ಲಿ ಮೇಲಿನ ಕಂದು ಗೆರೆ ಪಾಲಿಶ್‌ಗೆ ಹೋಯಿತು, ಬರೀ ಕಲೆ. ಆದರೆ ಪಕ್ಕದ ಸಂದಿಯಲ್ಲಿ, ಒಸಡಿನ ಹತ್ತಿರ, ಫಿಲ್ಲಿಂಗ್ ಮುಗಿಯುವ ಜಾಗದಲ್ಲಿ ಕಪ್ಪು ನೆರಳು ಇದೆ. ಫ್ಲಾಸ್ ಹರಿಯುತ್ತಿದ್ದದ್ದೂ ಅಲ್ಲೇ. ಅದನ್ನು ಬದಲಿಸಲೇಬೇಕಂತೆ. ಕಾಣುವ ಕಡೆ ನೋಡಿಕೊಂಡು ಕೂತಿದ್ದೆ, ಹುಳುಕು ಕಾಣದ ಕಡೆ ಇತ್ತು.

ಸುಮ್ನೆಓದುಗ:
ಸರಿ, ಹಾಗಾದರೆ ಮುಟ್ಟಿಸಿಕೊಳ್ಳಿ.

ಮೂಲೆಮನೆ:
ಹೊಸದು ಹಾಕುವಾಗ ಗಮನಿಸಬೇಕಾದ್ದು ಏನಾದರೂ ಇದೆಯಾ ಡಾಕ್ಟ್ರೇ?

ದಂತಕಥೆ:
ಒಸಡಿನ ಹತ್ತಿರದ ಆ ಅಂಚೇ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಎನಾಮಲ್ ತೆಳು, ಕೆಲವೊಮ್ಮೆ ಇರುವುದೇ ಇಲ್ಲ. ಜೊಲ್ಲು, ರಕ್ತ ತಾಗಿದರೆ ಅಂಟು ಹಿಡಿಯುವುದಿಲ್ಲ. ರಬ್ಬರ್ ಡ್ಯಾಮ್ (ಹಲ್ಲನ್ನು ಒಣಗಿರಿಸಲು ಸುತ್ತ ಹಾಕುವ ರಬ್ಬರ್ ಹಾಳೆ) ಹಾಕುತ್ತೀರಾ ಅಂತ ಕೇಳಿ, ಹಾಕಿದರೆ ಒಳ್ಳೆಯದು. ಕಾಂಪೊಸಿಟನ್ನು ಎರಡು ಮಿಲಿಮೀಟರ್‌ನಷ್ಟು ಪದರ ಪದರವಾಗಿ ಹಾಕಿ ಲೈಟ್ ಹಿಡಿಯುತ್ತಾರೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಒಂದೇ ಸಲ ನಾಲ್ಕು ಮಿಲಿಮೀಟರ್ ತುಂಬುವಂಥದ್ದೂ ಬಂದಿದೆ, ಅದೂ ಪರವಾಗಿಲ್ಲ. ಮಧ್ಯೆ ತಾತ್ಕಾಲಿಕ ಫಿಲ್ಲಿಂಗ್ ಹಾಕುವುದಾದರೆ ಲವಂಗದ ಎಣ್ಣೆಯ ಅಂಶ ಇಲ್ಲದ್ದು ಹಾಕಲಿ. ಆ ಎಣ್ಣೆಯಲ್ಲಿರುವ ಯುಜೆನಾಲ್ ಆಮೇಲೆ ಹಾಕುವ ಕಾಂಪೊಸಿಟ್ ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಮುಗಿದ ಮೇಲೆ ಕುರ್ಚಿಯಿಂದ ಏಳುವ ಮೊದಲೇ ಆ ಸಂದಿಯಲ್ಲಿ ಫ್ಲಾಸ್ ಹಾಕಿಸಿ ನೋಡಿ. ಬಿಗಿಯಾಗಿ ಇಳಿದು, ಹರಿಯದೆ ಹೊರಬರಬೇಕು.